ಕುಡಿತ ಬಿಡುವವರ ಮೀಟಿಂಗ್‌ಗೆ ಹೋಗುವುದು ಹೇಗೆ: ಹುಡುಕಾಟದಿಂದ ಆರನೆಯ ಮೀಟಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

ಮೀಟಿಂಗ್ ಶುರುವಾಗುವುದಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಬೀಗ ತೆಗೆದು, ಕಿಟಕಿ ತೆರೆದು, ಕುರ್ಚಿ ಹಾಕುವುದು ಹಲವು ವರ್ಷಗಳಿಂದ ನನ್ನ ಪಾಲಿನ ಕೆಲಸ. ಹೀಗಾಗಿ ಹೊಸಬರನ್ನು ಎಲ್ಲರಿಗಿಂತ ಮೊದಲು ನೋಡುವುದು ನಾನೇ. ಕೆಲವರು ಗೇಟಿನವರೆಗೆ ಬಂದು ಫೋನ್‌ನಲ್ಲಿ ಮಾತಾಡುವವರಂತೆ ನಿಂತಿರುತ್ತಾರೆ. ಕೆಲವರು ಬೋರ್ಡ್ ಓದಿ ಮುಂದೆ ನಡೆದುಬಿಡುತ್ತಾರೆ. ನಾನೂ ಹಾಗೆ ಎರಡು ಸಲ ಮುಂದೆ ನಡೆದವನೇ.

ಒಮ್ಮೆ ಬಂದವರಲ್ಲಿ ಯಾರು ಮತ್ತೆ ಬರುತ್ತಾರೆ ಎಂದು ಮುಖ ನೋಡಿ ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ. ಓದು, ವಯಸ್ಸು, ಎಷ್ಟು ವರ್ಷದ ಕುಡಿತ, ಯಾವುದರಿಂದಲೂ ಅದು ತಿಳಿಯದು. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಮೀಟಿಂಗ್ ಮುಗಿದ ಮೇಲೆ ಹತ್ತು ನಿಮಿಷ ನಿಂತು, ಒಬ್ಬರ ಜೊತೆಯಾದರೂ ಮಾತಾಡಿ, ಅವರ ನಂಬರ್ ಪಡೆದು ಹೋದವರು ಸಾಮಾನ್ಯವಾಗಿ ಮರಳಿ ಬರುತ್ತಾರೆ. ಕೊನೆಯ ಮಾತು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿ ಹೊರಟವರನ್ನು ನಾನು ಮತ್ತೆ ನೋಡುವುದು ಕಡಿಮೆ. ಕೆಳಗಿನ ಹಂತಗಳೆಲ್ಲ ನಿಮ್ಮನ್ನು ಆ ಹತ್ತು ನಿಮಿಷದವರೆಗೆ ಕರೆದೊಯ್ಯಲು ಬರೆದವು.

ಹಂತ 1: ಮೊದಲು ದೇಹದ ಸುರಕ್ಷತೆ

ದಿನವೂ ಹೆಚ್ಚಾಗಿ ಕುಡಿಯುವವರು ಮೀಟಿಂಗ್ ಹುಡುಕುವ ಮುನ್ನ ವೈದ್ಯರನ್ನು ಕಾಣಬೇಕು. ಉತ್ಸಾಹದಲ್ಲಿ ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸುವುದು ಇಂಥವರಿಗೆ ಅಪಾಯಕಾರಿ. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ, ಎದೆಬಡಿತ, ನಿದ್ದೆಗೇಡು ಶುರುವಾಗಬಹುದು. ಮೊದಲ 48 ಗಂಟೆಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಕಾಣಿಸಿಕೊಳ್ಳಬಹುದು: ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದಂತಾಗುವುದು, ಜ್ವರ, ವಿಪರೀತ ನಡುಕ. ಚಿಕಿತ್ಸೆ ಸಿಗದಿದ್ದರೆ ಇದು ಜೀವವನ್ನೇ ತೆಗೆಯಬಹುದು. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದವರು ಇನ್ನೂ ಎಚ್ಚರದಿಂದಿರಬೇಕು. ಇಂಥ ಲಕ್ಷಣ ಕಂಡರೆ ನೇರ ಆಸ್ಪತ್ರೆಗೆ ಹೋಗಿ. ಮೀಟಿಂಗ್ ನಾಳೆಯೂ ಇರುತ್ತದೆ.

ಎಷ್ಟು ಕುಡಿಯುತ್ತೀರಿ ಎಂದು ವೈದ್ಯರು ಕೇಳಿದಾಗ ಅರ್ಧಕ್ಕೆ ಇಳಿಸಿ ಹೇಳಬೇಡಿ. ಔಷಧದ ಪ್ರಮಾಣ ನಿಮ್ಮ ಆ ಉತ್ತರದ ಮೇಲೆಯೇ ನಿಂತಿರುತ್ತದೆ. ಕುಡಿತದಿಂದ ದೂರವಿರಲು ನೆರವಾಗುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್‌ನಂಥ ಮಾತ್ರೆಗಳ ಬಗ್ಗೆಯೂ ಆಗಲೇ ವಿಚಾರಿಸಿ. ಮಾತ್ರೆ ತೆಗೆದುಕೊಳ್ಳುತ್ತಲೇ ಮೀಟಿಂಗ್‌ಗೆ ಬರುವುದರಲ್ಲಿ ಯಾವ ತಪ್ಪೂ ಇಲ್ಲ.

ಇನ್ನೊಂದು ಅನುಮಾನ ಹಲವರನ್ನು ಮನೆಯಲ್ಲೇ ಕೂರಿಸುತ್ತದೆ: "ನಾನು ಅಷ್ಟೊಂದು ಕುಡಿಯುವವನೇ?" ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ 10 ಪ್ರಶ್ನೆಗಳ ಪಟ್ಟಿಯಿದೆ, ಅದರಲ್ಲಿ 8 ಅಥವಾ ಹೆಚ್ಚು ಅಂಕ ಬಂದರೆ ಕುಡಿತ ಅಪಾಯದ ಮಟ್ಟ ಮುಟ್ಟಿದೆ ಎಂಬ ಸೂಚನೆ. ಆದರೆ ಮೀಟಿಂಗ್‌ಗೆ ಬರಲು ಅಂಕಪಟ್ಟಿ ಬೇಕಾಗಿಲ್ಲ. ಇಂಥ ಮೀಟಿಂಗ್ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘಟನೆ ಸದಸ್ಯತ್ವಕ್ಕೆ ಇಟ್ಟಿರುವ ಷರತ್ತು ಒಂದೇ, ಕುಡಿತ ನಿಲ್ಲಿಸುವ ಆಸೆ. ಆಗಲೇ ನಿಲ್ಲಿಸಿರಬೇಕು ಎಂದೇನೂ ಅದು ಕೇಳುವುದಿಲ್ಲ.

ಹಂತ 2: ಯಾವ ಬಗೆಯ ಗುಂಪು ಎಂದು ತಿಳಿಯಿರಿ

ಎಲ್ಲ ಗುಂಪುಗಳೂ ಒಂದೇ ಥರ ಎಂದುಕೊಂಡು, ಒಂದು ಹಿಡಿಸದಿದ್ದಾಗ ಎಲ್ಲವನ್ನೂ ಬಿಟ್ಟವರನ್ನು ಬಹಳ ನೋಡಿದ್ದೇನೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಎಲ್ಲಕ್ಕಿಂತ ವ್ಯಾಪಕವಾಗಿರುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ. 1935ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಆಕ್ರನ್ ನಗರದಲ್ಲಿ ಶುರುವಾಯಿತು. 1939ರಲ್ಲಿ ಅದರ ಮೂಲ ಪುಸ್ತಕ ಬಂತು, ಕುಡಿತದಿಂದ ಹೊರಬರಲು ಎಎ ತೋರುವ ದಾರಿಯಾದ ಪ್ರಸಿದ್ಧ 12 ಹೆಜ್ಜೆಗಳು ಅದರಲ್ಲಿವೆ. ಶುಲ್ಕವಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಡಬ್ಬಿಯೊಂದು ಸುತ್ತು ಬರುತ್ತದೆ, ಹಾಕಲೇಬೇಕೆಂದಿಲ್ಲ. ಹೊರಗಿನವರಿಂದ ದೇಣಿಗೆಯನ್ನೂ ಪಡೆಯುವುದಿಲ್ಲ. "ನಮಗಿಂತ ದೊಡ್ಡದಾದ ಶಕ್ತಿ" ಎಂಬ ಮಾತು ಹೆಜ್ಜೆಗಳಲ್ಲಿ ಬರುತ್ತದೆ. ಅದನ್ನು ದೇವರೆಂದೇ ತಿಳಿಯಬೇಕಿಲ್ಲ. ಆ ಕೋಣೆಯ ಜನರನ್ನೇ ತಮ್ಮ ಶಕ್ತಿಯೆಂದು ಭಾವಿಸಿ ವರ್ಷಗಟ್ಟಲೆ ಕುಡಿಯದೆ ಇರುವ ನಾಸ್ತಿಕರು ಎಎಯಲ್ಲಿದ್ದಾರೆ.

ಆ ಭಾಷೆಯೇ ಒಗ್ಗದವರಿಗೆ ಸ್ಮಾರ್ಟ್ ರಿಕವರಿ ಇದೆ. 1994ರಿಂದ ನಡೆಯುತ್ತಿರುವ ಇದು ಮನಃಶಾಸ್ತ್ರದ ವಿಧಾನಗಳ ಮೇಲೆ ನಿಂತಿದೆ. ಕುಡಿಯಬೇಕೆನ್ನುವ ತುಡಿತ ಬಂದಾಗ ಏನು ಮಾಡಬೇಕು, ಯಾವ ಯೋಚನೆ ಯಾವ ನಡವಳಿಕೆಗೆ ಎಳೆಯುತ್ತದೆ ಎಂಬುದನ್ನು ಕಾಗದ ಪೆನ್ನು ಹಿಡಿದು ಬಿಡಿಸುತ್ತಾರೆ. ತರಬೇತಿ ಪಡೆದವರೊಬ್ಬರು ನಡೆಸುತ್ತಾರೆ, ಸದಸ್ಯರು ಒಬ್ಬರ ಮಾತಿಗೆ ಇನ್ನೊಬ್ಬರು ಪ್ರತಿಕ್ರಿಯಿಸಬಹುದು. ಲೈಫ್‌ರಿಂಗ್ ಕೂಡ ಧರ್ಮದ ಮಾತಿಲ್ಲದ ಗುಂಪು. ರಿಕವರಿ ಧರ್ಮ ಎಂಬ ಗುಂಪು ಬೌದ್ಧ ಧ್ಯಾನ ಮತ್ತು ಚಿಂತನೆಯ ದಾರಿ ಹಿಡಿದಿದೆ. ವಿಮೆನ್ ಫಾರ್ ಸೊಬ್ರೈಟಿಯನ್ನು 1970ರ ದಶಕದಲ್ಲಿ ಜೀನ್ ಕರ್ಕ್‌ಪ್ಯಾಟ್ರಿಕ್ ಹೆಂಗಸರಿಗಾಗಿಯೇ ಕಟ್ಟಿದರು; ಅಪರಾಧಿ ಭಾವದಿಂದ ಹೊರಬಂದು ತನ್ನ ಮೇಲೆ ತನಗೆ ಗೌರವ ಮೂಡಿಸಿಕೊಳ್ಳುವುದಕ್ಕೆ ಅಲ್ಲಿ ಹೆಚ್ಚು ಒತ್ತು.

ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೇಳುವವರಿಗೆ ಒಂದು ಮಾಹಿತಿ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 10,565 ಜನರನ್ನು ಒಳಗೊಂಡ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಕುಡಿಯದೆ ಮುಂದುವರಿಯುವ ವಿಷಯದಲ್ಲಿ, ಜನರನ್ನು ಎಎಗೆ ಕ್ರಮಬದ್ಧವಾಗಿ ಸೇರಿಸುವ ಚಿಕಿತ್ಸೆ ಇತರ ಸ್ಥಾಪಿತ ಚಿಕಿತ್ಸೆಗಳಿಗಿಂತ ಮೇಲಾಗಿ ಕಂಡಿತು. ಅಲ್ಲಿ "ಕ್ರಮಬದ್ಧವಾಗಿ" ಎಂಬ ಪದವನ್ನು ಗಮನಿಸಿ. ಹೋಗಿ ನೋಡು ಎಂದು ಹೇಳಿ ಕೈಬಿಡುವುದು ಬೇರೆ, ಜೊತೆಗಿದ್ದು ಒಳಗೆ ಸೇರಿಸುವುದು ಬೇರೆ.

ನನ್ನ ಸಲಹೆ ಇಷ್ಟು: ಸಿದ್ಧಾಂತ ತೂಗುತ್ತಾ ಒಂದು ತಿಂಗಳು ಕಳೆಯಬೇಡಿ. ಈ ವಾರ ನೀವು ತಲುಪಬಹುದಾದ ಗುಂಪು ಯಾವುದೋ ಅಲ್ಲಿಂದ ಶುರು ಮಾಡಿ.

ಹಂತ 3: ಮೀಟಿಂಗ್ ಹುಡುಕಿ, ಪಟ್ಟಿಯನ್ನು ಓದಲು ಕಲಿಯಿರಿ

ಪ್ರತಿ ಸಂಘಟನೆಯ ಅಧಿಕೃತ ಜಾಲತಾಣದಲ್ಲಿ ಮೀಟಿಂಗ್ ಪಟ್ಟಿ ಇರುತ್ತದೆ. ಎಎಯ ಮೀಟಿಂಗ್ ಗೈಡ್ ಎಂಬ ಉಚಿತ ಆ್ಯಪ್ ನೀವಿರುವ ಜಾಗಕ್ಕೆ ಹತ್ತಿರದ ಮೀಟಿಂಗ್‌ಗಳನ್ನು ಸಮಯದೊಂದಿಗೆ ತೋರಿಸುತ್ತದೆ. ಎಎಗೆ ಅನೇಕ ಕಡೆ ಸಹಾಯವಾಣಿಯೂ ಇದೆ. ಫೋನ್ ಎತ್ತುವವರು ಹೆಚ್ಚಾಗಿ ಸ್ವತಃ ಕುಡಿತ ಬಿಟ್ಟವರೇ. ನಿಮ್ಮ ವೈದ್ಯರು, ವ್ಯಸನಮುಕ್ತಿ ಕೇಂದ್ರದವರು, ಆಪ್ತ ಸಮಾಲೋಚಕರನ್ನೂ ಕೇಳಬಹುದು.

ಪಟ್ಟಿಯಲ್ಲಿ ಕಾಣುವ ಕೆಲವು ಪದಗಳನ್ನು ತಿಳಿದಿರಬೇಕು. "ಓಪನ್" ಎಂದಿದ್ದರೆ ಯಾರು ಬೇಕಾದರೂ ಬರಬಹುದು: ಹೆಂಡತಿ, ತಮ್ಮ, ಗೆಳೆಯ, ವಿದ್ಯಾರ್ಥಿ. "ಕ್ಲೋಸ್ಡ್" ಎಂದಿದ್ದರೆ ಕುಡಿತದ ತೊಂದರೆ ಇರುವವರಿಗೆ, ಬಿಡಬೇಕೆನ್ನುವವರಿಗೆ ಮಾತ್ರ. ಹೊಸಬರಿಗೆ ಬಾಗಿಲು ಮುಚ್ಚಿದೆ ಎಂದು ಆ ಪದವನ್ನು ತಪ್ಪಾಗಿ ಓದಬೇಡಿ, ನಿಮಗೂ ಅಲ್ಲಿ ಜಾಗವಿದೆ. "ಸ್ಪೀಕರ್" ಮೀಟಿಂಗ್‌ನಲ್ಲಿ ಒಬ್ಬಿಬ್ಬರು ತಮ್ಮ ಕಥೆಯನ್ನು ಪೂರ್ತಿ ಹೇಳುತ್ತಾರೆ. "ಡಿಸ್ಕಷನ್" ಎಂದರೆ ಒಂದು ವಿಷಯ ಹಿಡಿದು ಒಬ್ಬೊಬ್ಬರಾಗಿ ಹಂಚಿಕೊಳ್ಳುವುದು. "ಸ್ಟೆಪ್" ಮೀಟಿಂಗ್‌ನಲ್ಲಿ 12 ಹೆಜ್ಜೆಗಳಲ್ಲೊಂದರ ಓದು. "ಬಿಗಿನರ್ಸ್" ಎಂದರೆ ಹೊಸಬರಿಗಾಗಿಯೇ ನಡೆಸುವ ಮೀಟಿಂಗ್.

ಮಾತಾಡಲು ಹೆದರಿಕೆಯಿದ್ದರೆ ಸ್ಪೀಕರ್ ಮೀಟಿಂಗ್ ಆರಿಸಿ, ಅಲ್ಲಿ ಕೂತು ಕೇಳಿದರೆ ಸಾಕು. ಯಾರನ್ನಾದರೂ ಜೊತೆಗೆ ಕರೆದೊಯ್ಯುವುದಾದರೆ ಓಪನ್ ಮೀಟಿಂಗ್. ಹೆಂಗಸರಿಗೆ, ಯುವಕರಿಗೆ, ಲೈಂಗಿಕ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಮೀಟಿಂಗ್‌ಗಳೂ ಇರುತ್ತವೆ. ಹೆಂಗಸರು ಮೊದಲಿಗೆ ಹೆಂಗಸರ ಮೀಟಿಂಗ್‌ಗೆ ಹೋಗುವುದು ಒಳ್ಳೆಯದೆಂದು ನನಗನಿಸುತ್ತದೆ. ಬೆರೆತ ಗುಂಪಿನಲ್ಲಿ ಬಾಯಿಗೆ ಬಾರದ ಎಷ್ಟೋ ಮಾತುಗಳು ಅಲ್ಲಿ ಹೊರಬರುತ್ತವೆ.

ಪಟ್ಟಿಗಳು ಹಳತಾಗಿರುತ್ತವೆ. ಕೋಣೆ ಬದಲಾಗಿರುತ್ತದೆ, ಸಮಯ ಹಿಂದೆಮುಂದೆ ಆಗಿರುತ್ತದೆ. ಧೈರ್ಯವನ್ನೆಲ್ಲ ಕೂಡಿಸಿಕೊಂಡು ಹೋದವರಿಗೆ ಬೀಗ ಹಾಕಿದ ಬಾಗಿಲು ಕಂಡರೆ ಆ ದಿನವೇ ಮುರಿದುಬೀಳಬಹುದು. ಹಾಗಾಗಿ ಮುಂಚೆಯೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅದೇ ದಿನದ ಇನ್ನೊಂದು ಮೀಟಿಂಗನ್ನೋ ಆನ್‌ಲೈನ್ ಮೀಟಿಂಗನ್ನೋ ಗುರುತು ಹಾಕಿಟ್ಟಿರಿ.

ಹಂತ 4: ಹೊರಡುವ ಮೊದಲು

ಫೋನ್ ಮಾಡಿದಾಗಲೇ ಹೀಗೆ ಹೇಳಿ: "ನಾನು ಹೊಸಬ, ನಾಳೆ ಬರಬೇಕೆಂದಿದ್ದೇನೆ. ಬಾಗಿಲ ಹತ್ತಿರ ಯಾರಾದರೂ ಸಿಗಬಹುದೇ?" ಇಂಥ ಕರೆ ಬಂದ ದಿನ ನಾವು ಕಾದು ನಿಂತಿರುತ್ತೇವೆ. ಹೆಸರು ಪೂರ್ತಿ ಹೇಳಬೇಕಿಲ್ಲ. ಹೇಗೆ ಬರುತ್ತೀರಿ, ಹೇಗೆ ಹಿಂದಿರುಗುತ್ತೀರಿ ಎಂದು ಮೊದಲೇ ಯೋಚಿಸಿ. ದಿನವೂ ಕುಡಿಯುತ್ತಿದ್ದ ಅಂಗಡಿಯ ಮುಂದೆ ಹಾದು ಬರುವ ದಾರಿಯಾದರೆ ಸುತ್ತು ಹಾಕಿದರೂ ಸರಿ, ಬೇರೆ ದಾರಿ ಹಿಡಿಯಿರಿ. ಹಸಿದ ಹೊಟ್ಟೆಯಲ್ಲಿ ಬರಬೇಡಿ, ಹಸಿವು ಮತ್ತು ದಣಿವು ಕುಡಿಯುವ ತುಡಿತವನ್ನು ಕೆರಳಿಸುತ್ತವೆ.

ಹತ್ತು ನಿಮಿಷ ಮುಂಚೆ ತಲುಪಿ. ತಡವಾಗಿ ಬಂದರೆ ಯಾರ ಗಮನಕ್ಕೂ ಬರದೆ ಹಿಂದೆ ಕೂರಬಹುದೆಂದು ಹೊಸಬರು ಲೆಕ್ಕ ಹಾಕುತ್ತಾರೆ. ಆಗುವುದು ತಿರುಗಾಮುರುಗಾ: ಎಲ್ಲರೂ ಕೂತ ಮೇಲೆ ಬಾಗಿಲು ಕಿರುಗುಟ್ಟಿದರೆ ಇಡೀ ಕೋಣೆ ನಿಮ್ಮ ಕಡೆ ತಿರುಗುತ್ತದೆ.

ಹಂತ 5: ಒಳಗೆ ಏನು ನಡೆಯುತ್ತದೆ

ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ಎಎ ಮೀಟಿಂಗ್ ಆದರೆ ನಡೆಸುವವರು ತಮ್ಮ ಮೊದಲ ಹೆಸರು ಹೇಳಿ ಶುರು ಮಾಡುತ್ತಾರೆ. ಗುಂಪು ಏನು, ಏನಲ್ಲ ಎಂಬ ಪೀಠಿಕೆ ಓದುತ್ತಾರೆ. "ಯಾರಾದರೂ ಹೊಸಬರಿದ್ದೀರಾ?" ಎಂದು ಕೇಳುತ್ತಾರೆ. ಕೈಯೆತ್ತುವುದು ಕಡ್ಡಾಯವಲ್ಲ, ಎತ್ತಿದರೆ ಮೀಟಿಂಗ್ ಮುಗಿದ ಮೇಲೆ ನಿಮ್ಮನ್ನು ಹುಡುಕಿಕೊಂಡು ಜನ ಬರುತ್ತಾರೆ. ಆಮೇಲೆ ಹಂಚಿಕೊಳ್ಳುವ ಸರದಿ. ಕೆಲವು ಗುಂಪುಗಳಲ್ಲಿ 24 ಗಂಟೆ, ಒಂದು ತಿಂಗಳು, ಒಂದು ವರ್ಷ ಪೂರೈಸಿದವರಿಗೆ ಬಿಲ್ಲೆ ಕೊಟ್ಟು ಚಪ್ಪಾಳೆ ತಟ್ಟುವ ರೂಢಿಯಿದೆ. ಕೊನೆಗೆ ಸಣ್ಣ ಪ್ರಾರ್ಥನೆ ಇರಬಹುದು. ನಂಬಿಕೆಯಿಲ್ಲದಿದ್ದರೆ ಸುಮ್ಮನೆ ನಿಂತಿರಿ, ಯಾರೂ ಏನೂ ಅನ್ನುವುದಿಲ್ಲ.

ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಇದು ಮೊದಲ ಸಲ ವಿಚಿತ್ರ ಎನಿಸುತ್ತದೆ. ನೋವು ತೋಡಿಕೊಂಡವರಿಗೆ ಸಮಾಧಾನದ ಒಂದು ಮಾತೂ ಇಲ್ಲವಲ್ಲ ಎಂದು ನನಗೂ ಅನಿಸಿತ್ತು. ಕೆಲವು ವಾರ ಕಳೆದ ಮೇಲೆ ಅರ್ಥವಾಯಿತು. ಮನೆಯಲ್ಲಿ, ಕೆಲಸದಲ್ಲಿ, ನೆಂಟರಲ್ಲಿ ಎಲ್ಲರಿಂದಲೂ ಬುದ್ಧಿಮಾತು ಕೇಳಿ ಕೇಳಿ ಸುಳ್ಳು ಹೇಳುವುದನ್ನು ಕಲಿತಿದ್ದವನು ನಾನು. ಯಾರೂ ತೀರ್ಪು ಕೊಡದ ಕಡೆ ನಿಜ ಹೇಳುವುದಕ್ಕೆ ನಾಲಿಗೆ ತಾನಾಗಿ ಹೊರಳುತ್ತದೆ.

ನಿಮ್ಮ ಸರದಿ ಬಂದಾಗ ಮೂರು ಉತ್ತರಗಳಲ್ಲಿ ಯಾವುದಾದರೂ ನಡೆಯುತ್ತದೆ. "ಇವತ್ತು ಕೇಳಿಸಿಕೊಳ್ಳುತ್ತೇನೆ" ಎನ್ನಬಹುದು. ಹೆಸರು ಮಾತ್ರ ಹೇಳಿ, "ಇದು ನನ್ನ ಮೊದಲ ಮೀಟಿಂಗ್" ಎನ್ನಬಹುದು. ಅಥವಾ ಎರಡು ನಿಮಿಷ ಮಾತಾಡಬಹುದು. "ನಾನೊಬ್ಬ ಆಲ್ಕೊಹಾಲಿಕ್" ಎಂದು ಎಲ್ಲರೂ ಹೇಳುತ್ತಾರೆಂದು ನೀವೂ ಹೇಳಬೇಕಿಲ್ಲ. ಆ ಪದ ಬಾಯಿಗೆ ಬರಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಗೋಪ್ಯತೆಯ ಬಗ್ಗೆ ಒಂದು ಎಚ್ಚರ. ಇಲ್ಲಿ ಕೇಳಿದ್ದು, ಇಲ್ಲಿ ಕಂಡವರ ಹೆಸರು ಇಲ್ಲೇ ಉಳಿಯಬೇಕೆಂಬುದು ಗುಂಪಿನ ಪ್ರಾಣ, ಬಹುತೇಕರು ಅದನ್ನು ಕಾಪಾಡುತ್ತಾರೆ. ಆದರೆ ಅದು ನಂಬಿಕೆಯ ಮೇಲೆ ನಿಂತದ್ದು. ವೈದ್ಯರಿಗೂ ವಕೀಲರಿಗೂ ಇರುವ ವೃತ್ತಿಯ ಕಟ್ಟುಪಾಡು ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಇರುವುದಿಲ್ಲ. ಕೋರ್ಟಿನಲ್ಲಿರುವ ವ್ಯಾಜ್ಯ, ಕೆಲಸಕ್ಕೆ ಕುತ್ತು ತರಬಲ್ಲ ವಿವರ, ಬೇರೆಯವರ ಗುಟ್ಟು ಇವನ್ನು ಮೀಟಿಂಗ್‌ನಲ್ಲಿ ಬಿಡಿಸಿಡಬೇಡಿ.

ಹಂತ 6: ಆ ಹತ್ತು ನಿಮಿಷ

ಮೀಟಿಂಗ್ ಮುಗಿಯಿತು, ಜನ ಎದ್ದರು. ನಿಮ್ಮ ಕಾಲು ಬಾಗಿಲ ಕಡೆ ಎಳೆಯುತ್ತದೆ. ನಿಲ್ಲಿ.

ಎಎ ಹುಟ್ಟಿದ್ದೇ ಹೀಗೆ ನಿಂತದ್ದರಿಂದ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರು ವ್ಯಾಪಾರದ ಮಾತುಕತೆಯೊಂದು ಮುರಿದುಬಿದ್ದು ಆಕ್ರನ್‌ನ ಹೋಟೆಲ್ ಒಂದರಲ್ಲಿ ಒಂಟಿಯಾಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹತ್ತಿರದಲ್ಲೇ ಬಾರ್ ಇತ್ತು, ಇನ್ನೊಂದು ಕಡೆ ಟೆಲಿಫೋನ್. ಅವರು ಟೆಲಿಫೋನ್ ಕಡೆ ಹೋದರು. ಚರ್ಚ್‌ಗಳ ಪಟ್ಟಿ ನೋಡಿ ಒಂದೊಂದಾಗಿ ಕರೆ ಮಾಡುತ್ತಾ, ತನ್ನಂತೆಯೇ ಕುಡಿತದಿಂದ ನರಳುತ್ತಿರುವ ಒಬ್ಬರು ಬೇಕೆಂದು ಕೇಳಿದರು. ಹೀಗೆ ಸಿಕ್ಕವರು ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್. ಹದಿನೈದು ನಿಮಿಷ ಸಾಕೆಂದು ಬಂದ ಡಾಕ್ಟರ್ ಗಂಟೆಗಟ್ಟಲೆ ಕೂತರು. ಅವರು ಕೊನೆಯ ಸಲ ಕುಡಿದ ದಿನವೆಂದು ಗುರುತಿಸುವ ಜೂನ್ 10, ಎಎಯ ಸ್ಥಾಪನೆಯ ದಿನ. ಬಿಲ್ ಹುಡುಕಿದ್ದು ತನ್ನನ್ನು ಉಳಿಸುವವರನ್ನಲ್ಲ, ತನ್ನ ಹಾಗೆಯೇ ಇರುವವರನ್ನು.

ನೀವು ಮಾಡಬೇಕಾದದ್ದೂ ಅಷ್ಟೇ. ಯಾರ ಮಾತು ನಿಮ್ಮ ಕಥೆಯಂತೆ ಕೇಳಿಸಿತೋ ಅವರ ಹತ್ತಿರ ಹೋಗಿ, "ನೀವು ಹೇಳಿದ್ದು ನನಗೂ ಆಗಿದೆ" ಎನ್ನಿ. ಫೋನ್ ನಂಬರ್ ಕೇಳಿ, ಕೇಳದೆಯೇ ಕೊಡುವವರಿದ್ದಾರೆ. ಹೇಗೆ ಶುರು ಮಾಡಬೇಕೆಂದು ತೋಚದಿದ್ದರೆ ಕುರ್ಚಿ ಎತ್ತಿಡಲು ಕೈಜೋಡಿಸಿ. ಕೈಗೆ ಕೆಲಸವಿದ್ದಾಗ ಬಾಯಿ ಸಲೀಸಾಗುತ್ತದೆ.

ಆ ನಂಬರ್‌ಗೆ ಮಾರನೆಯ ದಿನವೇ ಒಮ್ಮೆ ಕರೆ ಮಾಡಿ. ವಿಷಯವೇನೂ ಬೇಡ, "ನಿನ್ನೆ ಸಿಕ್ಕಿದ್ದೆವಲ್ಲ, ಇವತ್ತು ಕುಡಿದಿಲ್ಲ" ಎಂದರೆ ಸಾಕು. ಒಳ್ಳೆಯ ದಿನದಲ್ಲಿ ಒಮ್ಮೆ ಮಾಡಿದ್ದರೆ, ಕೆಟ್ಟ ರಾತ್ರಿಯಲ್ಲಿ ಅದೇ ನಂಬರ್ ಒತ್ತಲು ಬೆರಳು ಹಿಂಜರಿಯುವುದಿಲ್ಲ.

ಹಂತ 7: ಆನ್‌ಲೈನ್ ಮೀಟಿಂಗ್ ಆದರೆ

ಹತ್ತಿರದಲ್ಲಿ ಗುಂಪಿಲ್ಲದವರಿಗೆ, ಪ್ರಯಾಣ ಆಗದವರಿಗೆ, ಮಗುವನ್ನು ಬಿಟ್ಟು ಬರಲಾಗದವರಿಗೆ ಇದು ದೊಡ್ಡ ಆಸರೆ. ಜಗತ್ತಿನ ಒಂದಲ್ಲ ಒಂದು ಕಡೆ ಯಾವ ಹೊತ್ತಿನಲ್ಲೂ ಮೀಟಿಂಗ್ ನಡೆಯುತ್ತಿರುತ್ತದೆ. ಸೇರುವ ಮೊದಲು ಪರದೆಯ ಮೇಲೆ ಕಾಣುವ ಹೆಸರನ್ನು ಬದಲಿಸಿ. ಕಚೇರಿಯ ಖಾತೆಯಿಂದ ಸೇರಿದರೆ ನಿಮ್ಮ ಪೂರ್ಣ ಹೆಸರು ಎಲ್ಲರಿಗೂ ಕಾಣುತ್ತದೆ. ಇಯರ್‌ಫೋನ್ ಹಾಕಿ, ಅಲ್ಲಿ ಮಾತಾಡುವವರ ಗೋಪ್ಯತೆಯೂ ನಿಮ್ಮ ಕೈಯಲ್ಲಿದೆ. ಮೊದಲ ಸಲ ಕ್ಯಾಮೆರಾ ಮುಚ್ಚಿದ್ದರೆ ಅಡ್ಡಿಯಿಲ್ಲ. ಆದರೆ ಇಲ್ಲಿ ಒಂದು ಗುಂಡಿ ಒತ್ತಿದರೆ ಹೊರಗೆ, ಆ ಹತ್ತು ನಿಮಿಷ ತಾನಾಗಿ ಸಿಗುವುದಿಲ್ಲ. ಮೀಟಿಂಗ್ ನಂತರವೂ ಕೋಣೆ ತೆರೆದಿಡುವ ಗುಂಪನ್ನು ಹುಡುಕಿ, ಅಥವಾ ಚಾಟ್‌ನಲ್ಲಿ "ಹೊಸಬ, ಯಾರಾದರೂ ಮಾತಾಡಬಹುದೇ?" ಎಂದು ಬರೆಯಿರಿ.

ಹಂತ 8: ಆರು ಮೀಟಿಂಗ್ ಆಗುವವರೆಗೆ ತೀರ್ಮಾನ ಬೇಡ

ಮೊದಲ ಮೀಟಿಂಗ್ ಬೇಸರವಾಗಬಹುದು. ಒಬ್ಬರೇ ಅರ್ಧ ಗಂಟೆ ಮಾತಾಡಿರಬಹುದು, ನಿಮಗಿಂತ ಇಪ್ಪತ್ತು ವರ್ಷ ದೊಡ್ಡವರೇ ತುಂಬಿರಬಹುದು. ಪ್ರತಿ ಗುಂಪಿಗೂ ಅದರದೇ ಸ್ವಭಾವವಿದೆ, ಒಂದೇ ಗುಂಪು ವಾರದಿಂದ ವಾರಕ್ಕೆ ಬೇರೆಯಾಗಿರುತ್ತದೆ. ಕಡಿಮೆಯೆಂದರೆ ಆರು ಮೀಟಿಂಗ್ ನೋಡಿ, ಅದರಲ್ಲಿ ಎರಡಾದರೂ ಬೇರೆ ಗುಂಪುಗಳದ್ದಿರಲಿ. 90 ದಿನದಲ್ಲಿ 90 ಮೀಟಿಂಗ್ ಎಂಬ ಮಾತು ಎಎಯಲ್ಲಿ ಕೇಳಿಬರುತ್ತದೆ. ಆದವರಿಗೆ ಒಳ್ಳೆಯದೇ, ಆಗದವರು ಅದನ್ನು ಸೋಲೆಂದು ತಿಳಿಯಬೇಕಿಲ್ಲ.

ಒಂದು ಗುಂಪು ಮನೆಯಂತೆ ಅನಿಸಿದಾಗ ಅದನ್ನು ನಿಮ್ಮ ಹೋಮ್ ಗ್ರೂಪ್ ಮಾಡಿಕೊಂಡು ಸಣ್ಣದೊಂದು ಕೆಲಸ ಕೇಳಿ ಪಡೆಯಿರಿ. ನಂತರ ಸ್ಪಾನ್ಸರ್. ನಿಮಗಿಂತ ಹೆಚ್ಚು ಕಾಲದಿಂದ ಕುಡಿಯದೆ ಇರುವ, ಹೆಜ್ಜೆಗಳಲ್ಲಿ ನಿಮ್ಮ ಜೊತೆ ನಡೆಯುವ ಸದಸ್ಯರನ್ನು ಹಾಗೆನ್ನುತ್ತಾರೆ. ಚೆನ್ನಾಗಿ ಮಾತಾಡುವವರನ್ನೇ ಕೇಳಬೇಕೆಂದಿಲ್ಲ. ಫೋನ್ ಎತ್ತುವವರು, ತಮ್ಮ ಸಿಟ್ಟನ್ನೂ ತಪ್ಪನ್ನೂ ಒಪ್ಪಿಕೊಳ್ಳುವವರು ಒಳ್ಳೆಯ ಆಯ್ಕೆ. ಪ್ರಣಯದ ಸೆಳೆತಕ್ಕೆ ಎಡೆಯಿಲ್ಲದವರನ್ನು ಆರಿಸುವುದು ಹಳೆಯ ರೂಢಿ, ಅದಕ್ಕೆ ಕಾರಣವೂ ಇದೆ. ಒಪ್ಪಿದವರು ಸರಿಹೊಂದದಿದ್ದರೆ ಬದಲಿಸಬಹುದು.

ಇಂಥ ಕಡೆ ನಿಲ್ಲಬೇಡಿ: ವೈದ್ಯರು ಕೊಟ್ಟ ಮಾತ್ರೆ ಬಿಡೆಂದು ಹೇಳುವ ಸದಸ್ಯರಿರುವ ಕಡೆ, ಸಾಲ ಕೇಳುವವರಿರುವ ಕಡೆ, ಹೊಸದಾಗಿ ಬಂದ ಹೆಂಗಸರ ಅಸಹಾಯಕತೆಯನ್ನು ಬಳಸಿಕೊಳ್ಳುವವರನ್ನು ನೋಡಿಯೂ ಸುಮ್ಮನಿರುವ ಕಡೆ. ಗುಂಪು ನಡೆಸುವವರಿಗೆ ತಿಳಿಸಿ, ಅವರು ಕಿವಿಗೊಡದಿದ್ದರೆ ಬೇರೆ ಗುಂಪಿಗೆ ನಡೆಯಿರಿ. ಕೆಟ್ಟ ಗುಂಪನ್ನು ಬಿಡಿ, ಗುಂಪನ್ನೇ ಬಿಡಬೇಡಿ.

ಮನೆಯವರಿಗೆ

ಕುಡಿಯುವವರು ಬರಲೊಪ್ಪದಿದ್ದರೂ ನೀವು ಹೋಗಬಹುದಾದ ಗುಂಪು ಅಲ್-ಅನಾನ್. ಬಿಲ್ ಅವರ ಹೆಂಡತಿ ಲೋಯಿಸ್ ವಿಲ್ಸನ್ ಮತ್ತು ಇನ್ನೊಬ್ಬ ಸದಸ್ಯರ ಹೆಂಡತಿ ಸೇರಿ 1951ರಲ್ಲಿ ಕಟ್ಟಿದ್ದು. ಹದಿಹರೆಯದ ಮಕ್ಕಳಿಗೆ ಅಲಾಟೀನ್ ಇದೆ. ಗಂಡನನ್ನು ಬಿಡಿಸುವ ಉಪಾಯ ಸಿಗುತ್ತದೆಂದು ಹೋದವರಿಗೆ ಅಲ್ಲಿ ಮೊದಲು ಸಿಗುವುದು ತಮ್ಮ ನಿದ್ದೆ, ತಮ್ಮ ಉಸಿರು. ಮೀಟಿಂಗ್‌ನಿಂದ ಬಂದವರನ್ನು "ಅಲ್ಲಿ ಯಾರಿದ್ದರು, ಏನೆಂದರು" ಎಂದು ಕೇಳಬೇಡಿ. "ಊಟ ಮಾಡೋಣವೇ" ಎಂದರೆ ಸಾಕು.

ನಡುವೆ ಮತ್ತೆ ಕುಡಿದರೆ

ನಾಚಿಕೆ ತಣ್ಣಗಾದ ಮೇಲೆ ಹೋಗುತ್ತೇನೆ ಎಂದು ಕಾಯಬೇಡಿ, ಅದು ತಣ್ಣಗಾಗುವುದಿಲ್ಲ. ಆ ನಂಬರ್‌ಗೆ ಫೋನ್ ಮಾಡಿ. ಕೆಲವು ದಿನಗಳಿಂದ ಬಿಡದೆ ಕುಡಿದಿದ್ದರೆ ಮೊದಲ ಹಂತದಲ್ಲಿ ಹೇಳಿದ ಅಪಾಯ ಮತ್ತೆ ಇದೆ, ವೈದ್ಯರನ್ನು ಕಾಣಿ. ಕುಡಿದ ಸ್ಥಿತಿಯಲ್ಲೇ ಮೀಟಿಂಗ್‌ಗೆ ಬಂದರೆ ಅನೇಕ ಗುಂಪುಗಳು ಕೂತು ಕೇಳಲು ಬಿಡುತ್ತವೆ, ಮಾತಾಡಬೇಡಿ ಎನ್ನುತ್ತವೆ ಅಷ್ಟೇ. ಗಾಡಿ ಓಡಿಸಿಕೊಂಡು ಮಾತ್ರ ಬರಬೇಡಿ. ಫೋನ್ ಮಾಡಿದರೆ ಕರೆದುಕೊಂಡು ಹೋಗಲು ಯಾರಾದರೂ ಸಿಗುವ ಸಾಧ್ಯತೆಯಿದೆ. ಮಾರನೆಯ ಮೀಟಿಂಗ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾನು ಏಳು ತಿಂಗಳ ನಂತರ ಹಾಗೆ ಹೇಳಿದ ದಿನ ಯಾರೂ ತಲೆತಗ್ಗಿಸಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಮ್ಮ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು, ಮುಂದಿನ ಮೀಟಿಂಗ್ ಎಷ್ಟು ಗಂಟೆಗೆ ಎಂದು ಹೇಳಿದರು.